ಕೇಳದೆ ಬಿಟ್ಟ ಪ್ರಶ್ನೆ

ಅನ್ನ ಬೆಂದಿದೆಯಾ ಅಂತ ನೋಡೋಕೆ ಅಮ್ಮ ಯಾವತ್ತೂ ಇಡೀ ಪಾತ್ರೆ ಬಗ್ಗಿಸಿದ್ದನ್ನು ನಾನು ನೋಡಿಲ್ಲ. ಸೌಟಿನ ತುದಿಯಲ್ಲಿ ನಾಲ್ಕು ಅಗುಳು ಎತ್ತಿ, ಒಂದನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಸುಕಿ, "ಆಯ್ತು, ಇಳಿಸು" ಅನ್ನುತ್ತಾಳೆ. ಅಷ್ಟೇ. ಸಂಸ್ಕೃತ ಬಲ್ಲವರು ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಅಂತ ದೊಡ್ಡ ಹೆಸರಿಟ್ಟಿದ್ದಾರೆ. ನಾನು ಮೊಬೈಲ್ ಆ್ಯಪ್ ಬರೆದು ಹೊಟ್ಟೆ ಹೊರೆಯುವವನು. ಯೋಚಿಸಿದರೆ ನನ್ನ ವೃತ್ತಿಯೂ ಇದೇ ನ್ಯಾಯದ ಮೇಲೆ ನಿಂತಿದೆ. ಒಂದು ಅಗುಳು ಹಿಸುಕಿ ಇಡೀ ಪಾತ್ರೆಗೆ ಸರ್ಟಿಫಿಕೇಟ್ ಕೊಡೋದು. ಹೀಗೆ ಕೊಡೋದು ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಅನ್ನೋದು ಕೆಲವು ವರ್ಷಗಳಿಂದ ನನ್ನನ್ನು ಕಾಡ್ತಾ ಇದೆ. ಅದನ್ನು ಇಲ್ಲಿ ಬರೆದು ಹಗುರಾಗೋಣ ಅಂತ.

ಸಾಫ್ಟ್‌ವೇರ್ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಒಂದು ಪ್ರೋಗ್ರಾಂ ಬರೆದರೆ, ಅದು ಸರಿಯಾಗಿದೆಯಾ ಅಂತ ಕೇಳೋಕೆ ಇನ್ನೊಂದು ಪುಟ್ಟ ಪ್ರೋಗ್ರಾಂ ಬರೀತೀವಿ. ಅದಕ್ಕೆ ಯುನಿಟ್ ಟೆಸ್ಟ್ ಅಂತಾರೆ. ಒಂದು ಟೆಸ್ಟ್ ಅಂದರೆ ಒಂದು ಪ್ರಶ್ನೆ. "500 ರೂಪಾಯಿ ಕಂತಿಗೆ 2 ರೂಪಾಯಿ ದಂಡ ಸೇರಿಸಿದರೆ 502 ಬರುತ್ತಾ?" ಬಂದರೆ ಹಸಿರು ಗುರುತು, ಬರದಿದ್ದರೆ ಕೆಂಪು. ಜಾವಾ ಭಾಷೆಯಲ್ಲಿ ಇಂಥ ಪ್ರಶ್ನೆ ಕೇಳೋಕೆ ಇರುವ ಜೆಯುನಿಟ್ ಅನ್ನೋ ಸಲಕರಣೆಯನ್ನು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಅನ್ನುವ ಇಬ್ಬರು 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕೂತು ಬರೆಯೋಕೆ ಶುರು ಮಾಡಿದರಂತೆ. ಇವತ್ತು ಆಂಡ್ರಾಯ್ಡ್ ಆ್ಯಪ್ ಬರೆಯುವ ಹೆಚ್ಚಿನವರು ಅವರ ಋಣದಲ್ಲೇ ಇದ್ದಾರೆ. ನಾನೂ.

ಆಗ ನಾನು ಕೆಲಸ ಮಾಡ್ತಿದ್ದ ಆ್ಯಪ್‌ನಲ್ಲಿ ಇಂಥ 412 ಪ್ರಶ್ನೆಗಳಿದ್ದವು. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಓಡಿಸೋಕೆ, ಆ್ಯಪ್ ಕಟ್ಟುವ ಸಮಯವೂ ಸೇರಿ, ಹನ್ನೊಂದು ನಿಮಿಷ. ಒಂದು ಸಾಲು ಬದಲಿಸಿ ಹನ್ನೊಂದು ನಿಮಿಷ ಕಾಯೋದು, ಮತ್ತೊಂದು ಸಾಲು ಬದಲಿಸಿ ಮತ್ತೆ ಹನ್ನೊಂದು ನಿಮಿಷ ಕಾಯೋದು ಯಾರಿಂದ ಆಗುತ್ತೆ ಹೇಳಿ? ಅದಕ್ಕೇ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಪ್ರತಿ ಟೆಸ್ಟಿನ ಪಕ್ಕ, ಎಡಗಡೆ ಅಂಚಿನಲ್ಲಿ, ಒಂದು ಪುಟ್ಟ ಹಸಿರು ತ್ರಿಕೋನ ಇರುತ್ತೆ. ಒತ್ತಿದರೆ ಅದೊಂದೇ ಪ್ರಶ್ನೆ ಓಡುತ್ತೆ. ಐಫೋನಿಗೆ ಬರೆಯುವವರ ಎಕ್ಸ್‌ಕೋಡ್‌ನಲ್ಲಿ ಅದೇ ಜಾಗದಲ್ಲಿ ಪುಟ್ಟದೊಂದು ವಜ್ರದ ಆಕಾರ ಇರುತ್ತೆ. ಯಾವುದನ್ನು ಓಡಿಸಬೇಕು, ಯಾವುದನ್ನು ಬಿಡಬೇಕು ಅಂತ ಪಟ್ಟಿ ಮಾಡಿಯೂ ಹೇಳಬಹುದು. ಒಟ್ಟಿನಲ್ಲಿ ಆರಿಸುವ ಸ್ವಾತಂತ್ರ್ಯ ಧಾರಾಳವಾಗಿದೆ.

ಇದರಲ್ಲಿ ತಪ್ಪೇನೂ ಇಲ್ಲ. ದಂಡದ ಲೆಕ್ಕ ತಿದ್ದುತ್ತಿರುವಾಗ ದಂಡದ ಪ್ರಶ್ನೆ ಮಾತ್ರ ಕೇಳೋದು, ಸಾರು ಕುದಿಯುತ್ತಿರುವಾಗ ಸಾರಿನ ಉಪ್ಪು ಮಾತ್ರ ನೋಡಿದ ಹಾಗೆ. ಆಮೇಲೆ ಹೇಗೂ ರಾತ್ರಿ ಆಫೀಸಿನ ಸರ್ವರ್ ಇಡೀ 412ನ್ನೂ ಓಡಿಸುತ್ತೆ. ಬೆಳಿಗ್ಗೆ ವರದಿ ಬಂದಿರುತ್ತೆ. ಹಗಲು ಒಂದು ಅಗುಳು, ರಾತ್ರಿ ಇಡೀ ಪಾತ್ರೆ. ಒಳ್ಳೇ ಒಪ್ಪಂದ. ನನ್ನ ಕಥೆ ಈ ಒಪ್ಪಂದ ಮುರಿದ ಕಥೆ. ಮುರಿದವನು ನಾನೇ, ಮುರಿದದ್ದು ನನಗೇ ಗೊತ್ತಾಗಲಿಲ್ಲ.

ಅದೊಂದು ಶುಕ್ರವಾರ. ಸಂಜೆ ಹೊಸ ಆವೃತ್ತಿ ಹೊರಗೆ ಹೋಗಬೇಕು. ಬೆಳಿಗ್ಗೆಯಿಂದ ಆರೇಳು ಟೆಸ್ಟುಗಳು ಕೆಂಪಾಗ್ತಾ ಇವೆ. ಒಂದೊಂದನ್ನೇ ಓಡಿಸಿದರೆ ಎಲ್ಲಾ ಹಸಿರು. ಒಟ್ಟಿಗೆ ಓಡಿಸಿದರೆ ಒಂದು ಸಲ ಮೂರು ಕೆಂಪು, ಇನ್ನೊಂದು ಸಲ ಏಳು. ಮನೆಯಲ್ಲಿ ಸಾಧು, ಶಾಲೆಯಲ್ಲಿ ತುಂಟ ಅಂತಾರಲ್ಲ, ಹಾಗೆ. ಮಧ್ಯಾಹ್ನದ ಹೊತ್ತಿಗೆ ಅಪರಾಧಿ ಸಿಕ್ಕಿತು. ಯಾರೋ ಹಳೇ ಸಹೋದ್ಯೋಗಿ ಬರೆದಿಟ್ಟು ಹೋಗಿದ್ದ ಟೆಸ್ಟು ಅದು. ಫೋನಿನ ಭಾಷೆ ಮರಾಠಿ ಇದ್ದರೂ ಆ್ಯಪ್ ಸರ್ವರಿಗೆ ಹಣದ ಮೊತ್ತವನ್ನು ಮಾಮೂಲಿ ಅಂಕಿಗಳಲ್ಲೇ ಕಳಿಸುತ್ತಾ ಅನ್ನೋದು ಅದರ ಪ್ರಶ್ನೆ. ಆ ಟೆಸ್ಟು ಭಾಷೆಯನ್ನು ಮರಾಠಿಗೆ ಬದಲಿಸುತ್ತಿತ್ತು, ಕೆಲಸ ಮುಗಿದ ಮೇಲೆ ವಾಪಸ್ ಇಡೋದನ್ನು ಮರೆತಿತ್ತು. ಅದರ ಹಿಂದೆ ಓಡಿದ ಟೆಸ್ಟುಗಳೆಲ್ಲ ಮರಾಠಿ ಲೋಕದಲ್ಲಿ ಕಣ್ಣು ಬಿಟ್ಟು ಗಲಿಬಿಲಿಗೊಳ್ಳುತ್ತಿದ್ದವು.

ಸರಿ ಮಾಡೋದು ಕಷ್ಟ ಇರಲಿಲ್ಲ. ಎರಡು ಸಾಲಿನ ಕೆಲಸ. ಆದರೆ ಅವತ್ತು ಗಡಿಯಾರ ಓಡುತ್ತಿತ್ತು, ಆ ಎರಡು ಸಾಲು ಯಾವುವು ಅಂತ ಯೋಚಿಸುವ ವ್ಯವಧಾನ ಇರಲಿಲ್ಲ. ಜೆಯುನಿಟ್‌ನಲ್ಲಿ ಇಂಥ ಹೊತ್ತಿಗೇ ಅಂತ ಒಂದು ಪದ ಇದೆ: ಇಗ್ನೋರ್. ಟೆಸ್ಟಿನ ನೆತ್ತಿಯ ಮೇಲೆ ಅದನ್ನು ಬರೆದರೆ ಸಾಕು, ಆ ಪ್ರಶ್ನೆಯನ್ನು ಯಾರೂ ಕೇಳಲ್ಲ. ಬರೆದೆ. ಪಕ್ಕದಲ್ಲಿ 'ಸೋಮವಾರ ನೋಡೋಣ' ಅಂತಲೂ ಬರೆದೆ. ಯಾವ ಸೋಮವಾರ ಅಂತ ಬರೆಯಲಿಲ್ಲ. ಮ್ಯಾನೇಜರಿಗೆ ಮೇಲ್ ಹಾಕಿದೆ: "411 ಟೆಸ್ಟು ಪಾಸ್, ಫೇಲ್ ಸೊನ್ನೆ." ಮನೆಗೆ ಹೋಗಿ ನಿದ್ದೆ ಮಾಡಿದೆ.

ಎರಡು ತಿಂಗಳು ಕಳೆದವು. ಅಷ್ಟು ಸೋಮವಾರಗಳೂ ಬಂದು ಹೋದವು. ಒಂದು ದಿನ ನಾನೇ ಹಣದ ಮೊತ್ತ ಬರೆಯುವ ಭಾಗವನ್ನು ಚೊಕ್ಕಟ ಮಾಡೋಕೆ ಕೂತೆ. ಪರದೆ ಮೇಲೆ ತೋರಿಸೋಕೆ ಒಂದು, ಸರ್ವರಿಗೆ ಕಳಿಸೋಕೆ ಒಂದು ಅಂತ ಎರಡು ಕಡೆ ಇದ್ದದ್ದನ್ನು ಒಂದೇ ಕಡೆ ತಂದೆ. ಎರಡು ಯಾಕಿದ್ದವು ಅಂತ ಯೋಚಿಸಲಿಲ್ಲ. ತ್ರಿಕೋನ ಒತ್ತಿದೆ. ಆ ಭಾಗದ ಒಂಬತ್ತು ಪ್ರಶ್ನೆಗಳೂ ಹಸಿರು. ರಾತ್ರಿ ಸರ್ವರ್ ಎಲ್ಲವನ್ನೂ ಓಡಿಸಿತು. ಅದೂ ಹಸಿರು. ಈ 'ಎಲ್ಲವನ್ನೂ' ಅನ್ನೋ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೆ ಬರ್ತೀನಿ.

ಆ ಆ್ಯಪ್ ಏನು ಅಂತ ಹೇಳಲೇ ಇಲ್ಲ. ಹಳ್ಳಿಯ ಹೆಣ್ಣುಮಕ್ಕಳ ಉಳಿತಾಯ ಗುಂಪುಗಳ ಲೆಕ್ಕ ಇಡುವ ಆ್ಯಪ್. ವಾರವಾರ ಕಂತು ಕೂಡಿಸಿ, ಗುಂಪಿನಲ್ಲಿ ಲೆಕ್ಕ ಬರೆಯುವ ಒಬ್ಬಾಕೆ ತನ್ನ ಫೋನಿನಲ್ಲಿ ನಮೂದಿಸಬೇಕು. ಹಳ್ಳಿಯಲ್ಲಿ ಸಿಗ್ನಲ್ ಬರುತ್ತೆ ಹೋಗುತ್ತೆ ಅಂತ, ನಮೂದಿಸಿದ ತಕ್ಷಣ ಆ್ಯಪ್ ಒಂದು ಹಸಿರು ಗುರುತು ತೋರಿಸಿಬಿಡುತ್ತಿತ್ತು. ಆಮೇಲೆ ನಿಧಾನವಾಗಿ, ಹಿಂದಿನಿಂದ, ಸರ್ವರಿಗೆ ಕಳಿಸುತ್ತಿತ್ತು. ಬಳಸುವವರಿಗೆ ಕಿರಿಕಿರಿ ಆಗಬಾರದು ಅನ್ನೋ ಒಳ್ಳೇ ಉದ್ದೇಶದಿಂದಲೇ ಹಾಗೆ ಮಾಡಿದ್ದೆವು.

ಖಾನಾಪುರ ತಾಲೂಕಿನ ಒಂದು ಊರಿನ ಗುಂಪಿನಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳ ಫೋನು ಮರಾಠಿಯಲ್ಲಿತ್ತು. ಬೆಳಗಾವಿ ಸೀಮೆಯಲ್ಲಿ ಇದೇನು ವಿಶೇಷ ಅಲ್ಲ. ಒಂದೇ ಮನೆಯಲ್ಲಿ ಎರಡು ಭಾಷೆ ಸಲೀಸಾಗಿ ಓಡಾಡುವ ಊರುಗಳು ಅವು. ಬೆಂಗಳೂರಲ್ಲಿ ಕೂತ ನಾವು ಆ್ಯಪನ್ನು ಕನ್ನಡದಲ್ಲಿ ಪರೀಕ್ಷೆ ಮಾಡಿದ್ದೆವು, ಹಾಗಂತ ಹೆಮ್ಮೆಯೂ ಪಟ್ಟಿದ್ದೆವು. ಆದರೆ ಕನ್ನಡಕ್ಕೆ ಇಟ್ಟ ಆಂಡ್ರಾಯ್ಡ್ ಫೋನು ತಾನಾಗಿ ಬರೆಯೋದು ಮಾಮೂಲಿ 1, 2, 3 ಅಂಕಿಗಳನ್ನೇ. ಮರಾಠಿಗೆ ಇಟ್ಟ ಫೋನು ದೇವನಾಗರಿ ಅಂಕಿಗಳನ್ನು ಬರೆಯುತ್ತೆ. 'ಈ ಫೋನಿನ ಭಾಷೆಯಲ್ಲಿ ಈ ಸಂಖ್ಯೆ ಬರೆ' ಅಂತ ಪ್ರೋಗ್ರಾಂ ಹೇಳಿದರೆ ಅದು ಹೇಳಿದ ಹಾಗೇ ಮಾಡುತ್ತೆ. ಪರದೆಗೆ ಅದೇ ಚೆನ್ನ. ಸರ್ವರಿಗೆ ಮಾತ್ರ ಅದು ಅರ್ಥವಾಗದ ಚಿತ್ರ. ನಮ್ಮ ಸರ್ವರು ಆ ಮೊತ್ತಗಳನ್ನು ಒಂದೊಂದಾಗಿ ತಿರಸ್ಕರಿಸುತ್ತಾ ಹೋಯಿತು. ಆಕೆಯ ಫೋನು ಮಾತ್ರ ಹಸಿರು ಗುರುತು ತೋರಿಸುತ್ತಾ ಹೋಯಿತು.

ಮೂರು ವಾರದ ದುಡ್ಡು ಲೆಕ್ಕದಲ್ಲಿ ಕಾಣಲಿಲ್ಲ. ಗುಂಪಿನ ಹನ್ನೆರಡು ಜನರಲ್ಲಿ ದುಡ್ಡು ಮುಟ್ಟಿದ್ದು ಒಬ್ಬಳೇ. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕ ಊರಲ್ಲಿ 'ದುಡ್ಡು ತಿಂದಳಂತೆ' ಅನ್ನೋ ಮಾತು ಎಷ್ಟು ಬೇಗ ಬಾವಿಕಟ್ಟೆ ಮುಟ್ಟುತ್ತೆ, ತಪ್ಪಿಲ್ಲ ಅಂತ ಗೊತ್ತಾದ ಮೇಲೆ ಅದೇ ಮಾತು ಎಷ್ಟು ನಿಧಾನವಾಗಿ ವಾಪಸ್ ಬರುತ್ತೆ ಅನ್ನೋದು ನಿಮಗೂ ಗೊತ್ತು.

ದೂರು ನಮ್ಮ ಮೇಜಿಗೆ ಬಂದಾಗ ಕಾರಣ ಹುಡುಕೋಕೆ ಅರ್ಧ ದಿನ ಸಾಕಾಯ್ತು. ತಿದ್ದೋಕೆ ಹತ್ತು ನಿಮಿಷ. ತಿದ್ದಿದ್ದು ಸರಿಯಾಗಿದೆಯಾ ಅಂತ ಕೇಳುವ ಟೆಸ್ಟ್ ಬರೆಯೋಣ ಅಂತ ಹೊರಟಾಗ, ಅಂಥದ್ದೇ ಒಂದು ಟೆಸ್ಟು ಅಲ್ಲಿ ಆಗಲೇ ಕೂತಿತ್ತು. ನೆತ್ತಿ ಮೇಲೆ ನನ್ನದೇ ಕೈಬರಹ: 'ಸೋಮವಾರ ನೋಡೋಣ'.

ನಾನು ಸುಳ್ಳು ಹೇಳಿದ್ದೆನಾ? ಈ ಪ್ರಶ್ನೆಯನ್ನು ನಾನು ಎಷ್ಟೋ ರೀತಿ ತಿರುಗಿಸಿ ನೋಡಿದ್ದೇನೆ. '411 ಪಾಸ್, ಫೇಲ್ ಸೊನ್ನೆ.' ಅಕ್ಷರ ಅಕ್ಷರವೂ ನಿಜ. ವರದಿಯಲ್ಲಿ ಇನ್ನೊಂದು ಅಂಕಿಯೂ ಇತ್ತು, 'ಬಿಟ್ಟದ್ದು: 1' ಅಂತ, ಬೂದು ಬಣ್ಣದಲ್ಲಿ. ನಾನು ಅದನ್ನು ಅಳಿಸಲಿಲ್ಲ. ಮೇಲ್‌ಗೆ ಸೇರಿಸಲಿಲ್ಲ, ಅಷ್ಟೇ. ಕುರುಕ್ಷೇತ್ರದಲ್ಲಿ ಅಶ್ವತ್ಥಾಮ ಸತ್ತ ಅಂತ ಜೋರಾಗಿ ಹೇಳಿ, ಸತ್ತದ್ದು ಆನೆ ಅನ್ನೋದನ್ನು ಮೆಲ್ಲಗೆ ಹೇಳಿದ ಧರ್ಮರಾಯನ ನೆನಪಾಗುತ್ತೆ. ಅವನೂ ಸುಳ್ಳು ಹೇಳಲಿಲ್ಲ. ಆದರೂ ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅವತ್ತು ನೆಲಕ್ಕೆ ಇಳಿಯಿತು ಅಂತ ಕಥೆ. ಧರ್ಮರಾಯನಿಗೆ ಎದುರಿಗೆ ದ್ರೋಣರಿದ್ದರು, ಯುದ್ಧ ಇತ್ತು, ಕೃಷ್ಣನ ಒತ್ತಾಯ ಇತ್ತು. ನನಗೆ ಇದ್ದದ್ದು ಶುಕ್ರವಾರ ಸಂಜೆ.

ನನಗೆ ಅನ್ನಿಸೋದು ಹೀಗೆ. ಆಯ್ಕೆಗಳಲ್ಲಿ ಎರಡು ಜಾತಿ. ಒಂದು, ತಾನು ಆಯ್ಕೆ ಅಂತ ತನಗೆ ಗೊತ್ತಿರುವ ಆಯ್ಕೆ. ತ್ರಿಕೋನ ಒತ್ತಿ ಒಂಬತ್ತು ಪ್ರಶ್ನೆ ಓಡಿಸುವಾಗ, ಉಳಿದ ನಾನೂರು ಚಿಲ್ಲರೆ ಓಡಿಲ್ಲ ಅಂತ ನನಗೆ ಗೊತ್ತಿರುತ್ತೆ. ನಾನು ಅದನ್ನು ಯಾರಿಗೂ ಉತ್ತರ ಅಂತ ಮಾರಲ್ಲ. ಅದು ನನ್ನೊಳಗಿನ ಮಾತುಕತೆ. ಇನ್ನೊಂದು, ತಾನು ಆಯ್ಕೆ ಅನ್ನೋದನ್ನೇ ಮರೆತ ಆಯ್ಕೆ. ಇಗ್ನೋರ್ ಅಂತ ಬರೆದ ಕ್ಷಣದಿಂದ 'ಎಲ್ಲಾ' ಅನ್ನುವ ಪದದ ಅರ್ಥವೇ ಬದಲಾಯ್ತು. ರಾತ್ರಿ ಸರ್ವರ್ ಓಡಿಸಿದ್ದು 'ಎಲ್ಲಾ' ಅಲ್ಲ, ಒಂದು ಕಡಿಮೆ ಎಲ್ಲಾ. ಆದರೆ ಅದನ್ನು ಕರೆಯೋದು ಎಲ್ಲಾ ಅಂತಲೇ. ಸ್ವಲ್ಪ ಓಡಿಸಿ 'ಸ್ವಲ್ಪ' ಅನ್ನೋದರಲ್ಲಿ ಪಾಪ ಇಲ್ಲ. ಸ್ವಲ್ಪಕ್ಕೆ 'ಎಲ್ಲಾ' ಅಂತ ಹೆಸರಿಟ್ಟಾಗ, ಆ ಹೆಸರನ್ನು ನಂಬಿ ಮುಂದೆ ಬರುವವನಿಗೆ ಗುಂಡಿ ತೋಡಿದ ಹಾಗೆ. ನನ್ನ ವಿಷಯದಲ್ಲಿ ಮುಂದೆ ಬಂದವನೂ ನಾನೇ ಆಗಿದ್ದೆ ಅನ್ನೋದು ಬೇರೆ ಮಾತು.

ಇದು ಸಣ್ಣ ಆ್ಯಪುಗಳ ರೋಗ ಮಾತ್ರ ಅಂದುಕೊಳ್ಳಬೇಡಿ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರುವಿನಿಂದ ಏರಿಯಾನ್ 5 ರಾಕೆಟ್ಟು ತನ್ನ ಮೊದಲ ಹಾರಾಟಕ್ಕೆ ಹೊರಟು, ಸುಮಾರು 40 ಸೆಕೆಂಡಿನಲ್ಲಿ ಆಕಾಶದಲ್ಲೇ ಚೂರಾಯಿತು. ತನಿಖಾ ಮಂಡಳಿಯ ವರದಿ ಎಲ್ಲರಿಗೂ ಓದಲು ಸಿಗುತ್ತೆ. ರಾಕೆಟ್ಟು ಎತ್ತ ವಾಲುತ್ತಿದೆ ಅಂತ ಅಳೆಯುವ ಸಾಫ್ಟ್‌ವೇರನ್ನು ಹಳೆಯ ಏರಿಯಾನ್ 4ರಿಂದ ತಂದಿದ್ದರು. ಅದರಲ್ಲಿ ಅಳತೆ ಮೀರಿ ಉಕ್ಕಬಹುದಾದ ಏಳು ಸಂಖ್ಯೆಗಳಿದ್ದವು. ಕಂಪ್ಯೂಟರಿನ ಮೇಲೆ ಹೊರೆ 80 ಪ್ರತಿಶತ ದಾಟಬಾರದು ಅಂತ ನಾಲ್ಕಕ್ಕೆ ಮಾತ್ರ ಕಾವಲು ಹಾಕಿ, ಮೂರನ್ನು ಬಿಟ್ಟಿದ್ದರು. ಅಜಾಗರೂಕತೆ ಅಲ್ಲ, ಲೆಕ್ಕ ಹಾಕಿಯೇ ಬಿಟ್ಟಿದ್ದರು. ಏರಿಯಾನ್ 4ರ ದಾರಿಯಲ್ಲಿ ಆ ಮೂರು ಉಕ್ಕುವ ಸಾಧ್ಯತೆಯೇ ಇರಲಿಲ್ಲ. ಏರಿಯಾನ್ 5ರ ದಾರಿಯೇ ಬೇರೆ. ಬಿಟ್ಟ ಮೂರರಲ್ಲಿ ಒಂದು ಉಕ್ಕಿತು. ಆ ಸಾಫ್ಟ್‌ವೇರನ್ನು ಹೊಸ ದಾರಿಯ ಅಂಕಿಗಳಿಟ್ಟು ಪರೀಕ್ಷೆಯನ್ನೂ ಮಾಡಿರಲಿಲ್ಲ. ಮೂರನ್ನು ಯಾಕೆ ಬಿಟ್ಟೆವು ಅನ್ನುವ ಸಮರ್ಥನೆ ಪ್ರೋಗ್ರಾಮಿನೊಳಗೆ ನೇರವಾಗಿ ಎಲ್ಲೂ ಸಿಗಲಿಲ್ಲ ಅಂತ ಮಂಡಳಿ ಬರೆಯಿತು. ಓದಿದಾಗ ನನಗೆ ಚುಚ್ಚಿದ್ದು ಈ ಮಾತೇ. ಆಯ್ಕೆ ಮುಂದಿನ ತಲೆಮಾರಿಗೆ ಹೋಯಿತು, ಕಾರಣ ಹಿಂದೆಯೇ ಉಳಿಯಿತು.

"ಹಾಗಾದರೆ ಯಾವಾಗಲೂ ಎಲ್ಲವನ್ನೂ ಓಡಿಸಿ, ತೊಂದರೆ ಏನು?" ಅಂತ ನೀವು ಕೇಳಬಹುದು. ಸುಲಭದ ಉತ್ತರ, ಆದರೆ ನಿಜವಾದದ್ದಲ್ಲ. ದೊಡ್ಡ ಕಂಪನಿಗಳಲ್ಲಿ ಟೆಸ್ಟುಗಳ ರಾಶಿ ಎಷ್ಟಿರುತ್ತೆ ಅಂದರೆ ಪ್ರತಿ ಬದಲಾವಣೆಗೂ ಎಲ್ಲವನ್ನೂ ಓಡಿಸೋದು ಆಗದ ಮಾತು. ಯಾವ ಬದಲಾವಣೆಗೆ ಯಾವ ಟೆಸ್ಟು ಕೆಂಪಾಗಬಹುದು ಅಂತ ಯಂತ್ರಕ್ಕೇ ಕಲಿಸಿ, ಓಡಿಸಬೇಕಾದವುಗಳಲ್ಲಿ ಮೂರನೇ ಒಂದು ಭಾಗ ಮಾತ್ರ ಓಡಿಸಿದರೂ 99.9 ಪ್ರತಿಶತಕ್ಕಿಂತ ಹೆಚ್ಚು ಕೆಟ್ಟ ಬದಲಾವಣೆಗಳು ಸಿಕ್ಕಿಬೀಳುತ್ತವೆ ಅಂತ ಫೇಸ್‌ಬುಕ್‌ನ ಎಂಜಿನಿಯರುಗಳು 2018ರಲ್ಲಿ ಬರೆದರು. ಅಲ್ಲಿ ಎಷ್ಟು ಬಿಟ್ಟೆವು, ಅದರಿಂದ ಎಷ್ಟು ತಪ್ಪಿಸಿಕೊಳ್ಳಬಹುದು ಅಂತ ಅಳೆದು ಹೇಳಿದ್ದಾರೆ. ಅದು ಪ್ರಾಮಾಣಿಕ ಆಯ್ಕೆ. ಮತ್ತೆ, ಎಲ್ಲವನ್ನೂ ಓಡಿಸಿದರೂ ಅದು ಆಯ್ಕೆಯೇ. ನಾವು ಬರೆದ 412 ಪ್ರಶ್ನೆ ಅಂದರೆ ನಮಗೆ ಹೊಳೆದ 412 ಪ್ರಶ್ನೆ, ಅಷ್ಟೇ. ಪರೀಕ್ಷೆಯಿಂದ ತಪ್ಪು ಇದೆ ಅಂತ ತೋರಿಸಬಹುದೇ ಹೊರತು ಇಲ್ಲ ಅಂತ ತೋರಿಸೋಕಾಗಲ್ಲ ಅಂತ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಎಚ್ಚರಿಸಿದ್ದರು.

ಅಂದಮೇಲೆ ಆಯ್ಕೆ ತಪ್ಪಿದ್ದಲ್ಲ. ಉಳಿಯುವ ಪ್ರಶ್ನೆ, ಯಾವುದನ್ನು ನೋಡಿ ಆರಿಸುತ್ತೇವೆ ಅನ್ನೋದು. ಅಮ್ಮನ ಅಗುಳಿಗೆ ವಾಪಸ್ ಬರೋಣ. ಒಂದು ಅಗುಳು ಯಾಕೆ ಸಾಕು? ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ. ಎಲ್ಲ ಅಗುಳಿಗೂ ಒಂದೇ ಹಣೆಬರಹ. ಆ್ಯಪ್ ಅನ್ನೋದು ಅನ್ನದ ಪಾತ್ರೆ ಅಲ್ಲ ಸ್ವಾಮಿ, ಮದುವೆಮನೆ ಊಟದ ಎಲೆ. ಸಾರಿನ ಉಪ್ಪು ನೋಡಿ ಕೋಸಂಬರಿಗೆ ಸಾಕ್ಷಿ ಹೇಳೋಕಾಗಲ್ಲ. ಇನ್ನೊಂದು ವಿಷಯ ಇದೆ. ಅನ್ನದಲ್ಲೂ ಅಮ್ಮ ಆರಿಸೋದು ಮೇಲಿನ ಅಗುಳನ್ನು. ಕೆಳಗಿನದು ಬೇಗ ಬೇಯುತ್ತೆ, ಬೇಯದೆ ಉಳಿದರೆ ಮೇಲಿನದೇ ಉಳಿಯೋದು. ಅಂದರೆ ಅವಳು ಹಿಸುಕೋದು ತನಗೆ ಅನುಮಾನ ಇರುವ ಅಗುಳನ್ನು. ನಾನು ಆ ಶುಕ್ರವಾರ ಆರಿಸಿದ್ದು ಅದರ ತದ್ವಿರುದ್ಧ. ಅನುಮಾನ ಎಬ್ಬಿಸಿದ ಒಂದನ್ನೇ ಎತ್ತಿ ಪಕ್ಕಕ್ಕಿಟ್ಟು, ಉಳಿದದ್ದನ್ನು ತೋರಿಸಿ 'ಬೆಂದಿದೆ' ಅಂದೆ. ಬೇಕಾದ ಉತ್ತರ ಕೊಡುವ ಪ್ರಶ್ನೆಗಳನ್ನು ಮಾತ್ರ ಕೇಳೋದು ಪರೀಕ್ಷೆ ಅಲ್ಲ, ಹೊಗಳಿಸಿಕೊಳ್ಳೋದು. ಇದು ಬರೀ ಸಾಫ್ಟ್‌ವೇರಿನ ಮಾತಲ್ಲ ಅನ್ನಿಸುತ್ತೆ. 'ನಾನು ಒಳ್ಳೆಯವನಾ' ಅಂತ ನನ್ನನ್ನು ನಾನು ಕೇಳಿಕೊಳ್ಳುವಾಗ ಯಾವ ಯಾವ ದಿನಗಳನ್ನು ನೆನಪು ಮಾಡಿಕೊಳ್ಳುತ್ತೇನೆ, ಯಾವುದರ ನೆತ್ತಿ ಮೇಲೆ ಇಗ್ನೋರ್ ಬರೆದಿದ್ದೇನೆ ಅಂತ ನೋಡಿದರೆ ಸಾಕು.

ಲೆಕ್ಕ ಸರಿಯಾದ ಮೇಲೆ ನಾನು ಆ ಹೆಣ್ಣುಮಗಳಿಗೆ ಫೋನ್ ಮಾಡಿದೆ. ನಮ್ಮ ತಪ್ಪು ಅಂತ ಹೇಳಿದೆ, ಕ್ಷಮಿಸಿ ಅಂದೆ. ಗುಂಪಿನ ಎಲ್ಲರಿಗೂ ಪತ್ರ ಕಳಿಸುತ್ತೇವೆ ಅಂದೆ, ಕಳಿಸಿದೆವು ಕೂಡ. ಆಕೆ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲಾ ಇರ್ಲಿರಿ ಸರ, ತಪ್ಪು ಆಗ್ತಾವ. ಆದ್ರ ಹೋಗಿಲ್ಲಂದ್ರ ಹೋಗಿಲ್ಲ ಅಂತ ತೋರಿಸ್ಬೇಕಿತ್ತಲ್ರಿ. ಹಸಿರು ಯಾಕ ತೋರಿಸ್ತು?" ಅಂತ ಕೇಳಿದಳು. ನಾನು ಸಿಗ್ನಲ್ಲು, ಸರ್ವರು ಅಂತ ಏನೋ ವಿವರಿಸಿದೆ. ನಿಜವಾದ ಉತ್ತರ ನನಗೆ ಗೊತ್ತಿತ್ತು. ಅವಳ ಫೋನು ನನ್ನಿಂದಲೇ ಕಲಿತಿತ್ತು.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಸರ್ವರು ಒಪ್ಪುವವರೆಗೆ ಆ್ಯಪ್ ಹಸಿರು ತೋರಿಸಲ್ಲ, 'ಇನ್ನೂ ತಲುಪಿಲ್ಲ' ಅಂತ ತೋರಿಸುತ್ತೆ. ಬಳಸುವವರಿಗೆ ಕಿರಿಕಿರಿ ಆಗುತ್ತೆ, ನಿಜ. ಇನ್ನು ನಮ್ಮ ವರದಿಯಲ್ಲಿ ಈಗ ಮೂರು ಅಂಕಿ ಇರಲೇಬೇಕು: ಪಾಸಾದದ್ದು, ಫೇಲಾದದ್ದು, ಕೇಳದೆ ಬಿಟ್ಟದ್ದು. ಮೂರನೆಯದು ಸೊನ್ನೆ ಇಲ್ಲದಿದ್ದರೆ ಯಾರು ಬಿಟ್ಟರು, ಯಾಕೆ ಬಿಟ್ಟರು, ಯಾವ ದಿನದೊಳಗೆ ಕೇಳ್ತಾರೆ ಅಂತ ಪಕ್ಕದಲ್ಲಿ ಬರೆಯಬೇಕು. 'ಸೋಮವಾರ' ಅಂದರೆ ಸಾಲದು, ತಾರೀಖು ಬೇಕು.

ಆ ಮರಾಠಿ ಟೆಸ್ಟಿಗೆ ಎರಡು ಸಾಲು ಸೇರಿಸಿ ಇಗ್ನೋರ್ ತೆಗೆದೆ. ಕೆಲಸ ಶುರು ಮಾಡುವ ಮೊದಲು, ಬೇಕಿರಲಿ ಬೇಡದಿರಲಿ, ಅದರ ಪಕ್ಕದ ತ್ರಿಕೋನ ಒಮ್ಮೆ ಒತ್ತುವ ಅಭ್ಯಾಸ ಆಗಿಬಿಟ್ಟಿದೆ. ಅದು ಓಡೋಕೆ ಒಂದು ಸೆಕೆಂಡೂ ಹಿಡಿಯಲ್ಲ.